ಕಿಮೊಗೆ ಮೊದಲು ಅಂಡಾಣು, ವೀರ್ಯ ಫ್ರೀಜ್ ಮಾಡಿಸಲು ದುಡ್ಡು ಎಲ್ಲಿಂದ?

ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಅಂಡಾಣು ಅಥವಾ ವೀರ್ಯ ತೆಗೆದಿಡುವುದಕ್ಕೆಂದೇ ದುಡ್ಡು ಕೊಡುವ ಸರ್ಕಾರಿ ಯೋಜನೆ ಹುಡುಕುತ್ತ ಕೂತರೆ ಇರುವ ನಾಲ್ಕು ದಿನವೂ ಕೈಬಿಟ್ಟು ಹೋಗುತ್ತದೆ. ಆಯುಷ್ಮಾನ್ ಭಾರತ್ ಯೋಜನೆ ಯಾವುದಕ್ಕೆ ಸಿಗುವುದಿಲ್ಲ ಎಂಬ ಪಟ್ಟಿಯಲ್ಲಿ ಫಲವತ್ತತೆಯ ಚಿಕಿತ್ಸೆ ಹೆಸರು ಸಮೇತ ಇದೆ. ಖಾಸಗಿ ವಿಮೆಯ ಪಾಲಿಸಿ ತೆರೆದರೆ ‘ಎಕ್ಸ್‌ಕ್ಲೂಷನ್ 17’ ಎಂಬ ಸಂಕೇತದ ಕೆಳಗೆ ಬಂಜೆತನ, ಐವಿಎಫ್ (ಪ್ರನಾಳ ಶಿಶು ವಿಧಾನ), ಇಕ್ಸಿ (ಅಂಡಾಣುವಿನೊಳಗೆ ವೀರ್ಯಾಣುವನ್ನು ನೇರವಾಗಿ ಚುಚ್ಚುವ ವಿಧಾನ), ಬಾಡಿಗೆ ತಾಯ್ತನ ಎಲ್ಲವನ್ನೂ ಕೈಬಿಟ್ಟಿರುತ್ತಾರೆ. ವಿಮಾ ನಿಯಂತ್ರಕ ಐಆರ್‌ಡಿಎಐ ಗೊತ್ತುಮಾಡಿದ ಒಕ್ಕಣೆ ಅದು, ಹಾಗಾಗಿ ಕಂಪನಿ ಬೇರೆಯಾದರೂ ವಾಕ್ಯ ಅದೇ. ಕಿಮೊ ಔಷಧದಿಂದ ಮುಂದೆ ಮಕ್ಕಳಾಗುವುದಕ್ಕೆ ಬರಬಹುದಾದ ತೊಂದರೆಯನ್ನು ಈಗಲೇ ತಪ್ಪಿಸಿಕೊಳ್ಳುವುದು ಬಂಜೆತನದ ಚಿಕಿತ್ಸೆ ಹೇಗಾಗುತ್ತದೆ ಎಂದು ವಾದ ಮಾಡಬಹುದು. ವಾದ ನ್ಯಾಯವಾದದ್ದೇ. ಆದರೆ ಅದು ಇತ್ಯರ್ಥವಾಗುವ ಹೊತ್ತಿಗೆ ಕಿಮೊ ಮೂರು ಸೈಕಲ್ ಮುಗಿದಿರುತ್ತದೆ.

ಕೆಲಸಕ್ಕೆ ಬರುವ ದಾರಿ ಬೇರೆಯದು. ಯೋಜನೆ, ವಿಮೆ, ಟ್ರಸ್ಟ್‌ಗಳ ದುಡ್ಡೆಲ್ಲ ಕ್ಯಾನ್ಸರ್ ಬಿಲ್ಲಿಗೇ ಹೋಗಲಿ. ಅದರಿಂದ ಮನೆಯಲ್ಲಿ ಉಳಿಯುವ ಕೈದುಡ್ಡು ಫ್ರೀಜಿಂಗ್‌ಗೆ ಬರಲಿ. ಬಹಳಷ್ಟು ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಗಡಿಬಿಡಿಯಲ್ಲಿ ಸ್ಕ್ಯಾನ್, ಸರ್ಜರಿ, ಮೊದಲ ಕಿಮೊ ಎಲ್ಲವನ್ನೂ ನಗದು ಕೊಟ್ಟು ಮಾಡಿಸಿ, ಫ್ರೀಜಿಂಗ್ ಮಾತು ಬರುವ ಹೊತ್ತಿಗೆ ಕೈ ಖಾಲಿ.

ಎಲ್ಲರಿಗೂ ಇದು ಬೇಕೇ ಎನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ, ಬೇಡದ ಕಡೆ ಲಕ್ಷ ರೂಪಾಯಿ ಉಳಿಯುತ್ತದೆ. ಅಸ್ಥಿಮಜ್ಜೆ ಕಸಿಗೆ ಮುನ್ನ ಕೊಡುವ ಔಷಧಗಳು, ಹೆಚ್ಚು ಪ್ರಮಾಣದ ಸೈಕ್ಲೋಫಾಸ್ಫಮೈಡ್, ಕಿಬ್ಬೊಟ್ಟೆಗೆ ಕೊಡುವ ರೇಡಿಯೇಷನ್, ಇವು ಅಂಡಾಶಯ ಮತ್ತು ವೃಷಣಕ್ಕೆ ದೊಡ್ಡ ಪೆಟ್ಟು ಕೊಡುತ್ತವೆ. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್‌ಗೆ ಕೊಡುವ ಎಬಿವಿಡಿ ಕಿಮೊದಿಂದ ಚಿಕ್ಕ ವಯಸ್ಸಿನವರಿಗೆ ಅಪಾಯ ಕಡಿಮೆ. ಹೆಂಗಸರ ವಯಸ್ಸು ಹೆಚ್ಚಿದಷ್ಟೂ ಅದೇ ಔಷಧದ ಪೆಟ್ಟೂ ಹೆಚ್ಚು. ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಬಳಿ ಕೇಳಬೇಕಾದ್ದು ಇಷ್ಟೇ: “ಡಾಕ್ಟ್ರೇ, ಈ ಔಷಧದಿಂದ ಮುಂದೆ ಮಕ್ಕಳಾಗುವುದಕ್ಕೆ ಎಷ್ಟು ತೊಂದರೆ? ತೆಗೆದಿಡುವುದಕ್ಕೆ ಎಷ್ಟು ದಿನ ಕೊಡ್ತೀರಿ?” ಅವರಾಗಿಯೇ ಹೇಳಲಿ ಎಂದು ಕಾಯಬೇಡಿ. ಓಪಿಡಿ ಗದ್ದಲದಲ್ಲಿ ಈ ಮಾತು ಬಿಟ್ಟುಹೋಗುವುದೇ ಹೆಚ್ಚು.

ಗಂಡಸರ ಲೆಕ್ಕ ಬೇಗ ಮುಗಿಯುತ್ತದೆ. ವೀರ್ಯ ಫ್ರೀಜ್ ಮಾಡಿಸಲು ಮೊದಲ ವರ್ಷದ ಸ್ಟೋರೇಜ್ ಸೇರಿ ಹತ್ತು ಸಾವಿರದ ಆಸುಪಾಸು ಸಾಕು, ಕೆಲವು ಕಡೆ ಅದಕ್ಕೂ ಕಡಿಮೆ. ಇಲ್ಲಿ ದುಡ್ಡು ಅಡ್ಡಿಯೇ ಅಲ್ಲ. ಅಡ್ಡಿ ಸಂಕೋಚ, ಮತ್ತೆ ಯಾರೂ ಹೇಳದಿರುವುದು. ಎರಡು ಮೂರು ದಿನದ ಅಂತರವಿಟ್ಟು ಸ್ಯಾಂಪಲ್ ಕೊಡುವುದು ವಾಡಿಕೆ. ಸಮಯವಿಲ್ಲದಿದ್ದರೆ ಒಂದೊಂದು ದಿನ ಬಿಟ್ಟು ಎರಡು ಮೂರು ಸಲ ಕೊಡಬಹುದು. ವೃಷಣದ ಕ್ಯಾನ್ಸರ್, ಲಿಂಫೋಮಾ ಇದ್ದವರಲ್ಲಿ ಕೌಂಟ್ ಮೊದಲೇ ಇಳಿದಿರುವುದುಂಟು. ಆದರೂ ಇಡುವುದೇ ಒಳ್ಳೆಯದು, ಯಾಕೆಂದರೆ ಇಕ್ಸಿ ವಿಧಾನದಲ್ಲಿ ಒಂದು ಅಂಡಾಣುವಿಗೆ ಜೀವಂತ ವೀರ್ಯಾಣು ಒಂದಿದ್ದರೆ ಸಾಕು. ಆಸ್ಪತ್ರೆಯಲ್ಲಿ ಆಗದೆ ಮನೆಯಲ್ಲೋ ಲಾಡ್ಜಿನಲ್ಲೋ ಸ್ಯಾಂಪಲ್ ತೆಗೆಯುವುದಾದರೆ ಲ್ಯಾಬಿನವರೇ ಕೊಟ್ಟ ಅಗಲಬಾಯಿಯ ಡಬ್ಬಿಯಲ್ಲೇ ತೆಗೆಯಿರಿ. ಸೋಪು, ಎಣ್ಣೆ, ಮಾಮೂಲಿ ಕಾಂಡೋಮ್ ಯಾವುದೂ ತಾಗಬಾರದು. ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ತಣ್ಣಗಿರಲಿ ಎಂದು ಐಸ್‌ನಲ್ಲಿಟ್ಟು ತಂದರೆ ಹಾಳಾಗುತ್ತದೆ. ಕಿಮೊ ಒಂದು ಡೋಸ್ ಬಿದ್ದ ಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ವಂಶವಾಹಿಗೆ ಹಾನಿಯಾಗಿರುವ ಭಯ ಇರುತ್ತದೆ. ಹಾಗಾಗಿ ಮೊದಲೇ ಮುಗಿಸಬೇಕು. ರಕ್ತದ ಕ್ಯಾನ್ಸರ್‌ನಲ್ಲಿ ಮರುದಿನವೇ ಕಿಮೊ ಎಂದರೂ ಇದಕ್ಕೆ ಅರ್ಧ ದಿನ ಸಾಕು.

ಹೆಂಗಸರದು ದೊಡ್ಡ ಲೆಕ್ಕ. ಮುಟ್ಟಿನ ದಿನಕ್ಕೆ ಕಾಯದೆ ಯಾವತ್ತು ಬೇಕಾದರೂ ಇಂಜೆಕ್ಷನ್ ಶುರು ಮಾಡುವ ಪದ್ಧತಿ ಈಗ ಬಂದಿರುವುದರಿಂದ ಒಟ್ಟು ಎರಡು ವಾರದಲ್ಲಿ ಮುಗಿಯುತ್ತದೆ: ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುವೆ ನಾಲ್ಕೈದು ಸ್ಕ್ಯಾನ್, ಕೊನೆಗೆ ಅಂಡಾಣು ಪಕ್ವವಾಗಲು ಟ್ರಿಗರ್ ಇಂಜೆಕ್ಷನ್, ಅದಾಗಿ ಸುಮಾರು 36 ಗಂಟೆಗೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು. ಸ್ತನ ಕ್ಯಾನ್ಸರ್‌ನಲ್ಲಿ ಸರ್ಜರಿಗೂ ಕಿಮೊಗೂ ನಡುವೆ ಗಾಯ ಮಾಯಲು ಬಿಡುವ ಕೆಲವು ವಾರಗಳು ಇದಕ್ಕೆ ಸರಿಹೋಗುತ್ತವೆ. ಬೆಂಗಳೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ ಔಷಧ ಸೇರಿ ಒಂದೂವರೆಯಿಂದ ಎರಡೂವರೆ ಲಕ್ಷದವರೆಗೆ ಆಗುತ್ತದೆ ಎಂದಿಟ್ಟುಕೊಳ್ಳಿ.

ಈ ಮೊತ್ತದಲ್ಲಿ ಹೆಚ್ಚು ಜಗ್ಗಾಡಬಹುದಾದ ಭಾಗ ಇಂಜೆಕ್ಷನ್. ಅಂಡಾಣು ಬೆಳೆಸಲು ಕೊಡುವ ರಿಕಾಂಬಿನೆಂಟ್ (ಲ್ಯಾಬಿನಲ್ಲಿ ತಯಾರಿಸಿದ) ಎಫ್‌ಎಸ್‌ಎಚ್ ಪೆನ್ ದುಬಾರಿ. ಎಚ್‌ಎಂಜಿ ವಯಲ್ ಮತ್ತು ದೇಶೀಯ ಕಂಪನಿಗಳ ಎಫ್‌ಎಸ್‌ಎಚ್ ಅದಕ್ಕಿಂತ ಅಗ್ಗ, ಬಹಳ ಜನರಿಗೆ ಅಷ್ಟೇ ಕೆಲಸ ಮಾಡುತ್ತವೆ. ಅವಧಿಗೆ ಮೊದಲೇ ಅಂಡೋತ್ಪತ್ತಿ ಆಗದಂತೆ ತಡೆಯಲು ದಿನವೂ ಸೆಟ್ರೊರೆಲಿಕ್ಸ್ ಇಂಜೆಕ್ಷನ್ ಕೊಡುವ ಬದಲು ಪ್ರೊಜೆಸ್ಟಿನ್ ಮಾತ್ರೆ ಕೊಡುವ ಕ್ರಮವೂ ಇದೆ. ಎಲ್ಲವನ್ನೂ ಫ್ರೀಜ್ ಮಾಡಿ ಇಡುವಾಗ ಗರ್ಭಕೋಶ ಆ ತಿಂಗಳು ಸಿದ್ಧವಿರಬೇಕಾಗಿಲ್ಲವಾದ್ದರಿಂದ ಇದು ನಡೆಯುತ್ತದೆ, ಸಾವಿರಾರು ರೂಪಾಯಿ ಉಳಿಯುತ್ತದೆ. ಹಾರ್ಮೋನ್ ರಿಸೆಪ್ಟರ್ ಇರುವ (ಅಂದರೆ ಹಾರ್ಮೋನ್‌ನಿಂದ ಬೆಳೆಯುವ) ಸ್ತನ ಕ್ಯಾನ್ಸರ್‌ನಲ್ಲಿ ಮಾತ್ರ ಈ ಮಾತ್ರೆ ಬೇಕೇ ಬೇಡವೇ ಎನ್ನುವುದನ್ನು ಆಂಕಾಲಜಿಸ್ಟ್ ಹೇಳಬೇಕು. ಅಂಥವರಿಗೆ ಈಸ್ಟ್ರೊಜನ್ ಏರದಂತೆ ಇಂಜೆಕ್ಷನ್ ಜೊತೆ ದಿನಕ್ಕೆ 5 ಮಿಲಿಗ್ರಾಂ ಲೆಟ್ರೊಜೋಲ್ ಕೊಡುತ್ತಾರೆ, ಅದೂ ಅಗ್ಗದ ಮಾತ್ರೆಯೇ.

ಇಂಜೆಕ್ಷನ್‌ಗಳನ್ನು ಒಟ್ಟಿಗೆ ಕೊಳ್ಳಬೇಡಿ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ನೋಡಿ ಡೋಸ್ ಏರಿಳಿಸುತ್ತಾರೆ, ಮೂರು ದಿನಕ್ಕೆ ಆಗುವಷ್ಟೇ ತನ್ನಿ. ಫ್ರಿಜ್‌ನಲ್ಲಿಡಬೇಕಾದ ಔಷಧವನ್ನು ಮೆಡಿಕಲ್ ಶಾಪಿನವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಊರಿಂದ ಬಸ್ಸಿನಲ್ಲಿ ತರುವುದಾದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ್ದು ಯಾವುದು, ಹೊರಗಿಡಬಹುದಾದ್ದು ಯಾವುದು ಎಂದು ಪೆಟ್ಟಿಗೆಯ ಮೇಲೆ ಓದಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೂ ಔಷಧ ಕೆಟ್ಟಹಾಗೆಯೇ.

ರಕ್ತಪರೀಕ್ಷೆಯಲ್ಲೂ ಉಳಿಸಬಹುದು. ಶೇಖರಣೆಗೆ ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ವರದಿ ಬೇಕೇ ಬೇಕು. ಸರ್ಜರಿಗೋ ಕಿಮೊಗೋ ಇವೇ ಪರೀಕ್ಷೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಗಿರುತ್ತವೆ, ಪ್ರತಿ ಕೇಳಿ ಪಡೆದರೆ ಎರಡನೇ ಸಲ ದುಡ್ಡು ಕೊಡಬೇಕಿಲ್ಲ. ಅಂಡಾಣು ಎಷ್ಟು ಸಿಗಬಹುದು ಎಂಬ ಅಂದಾಜಿಗೆ ಎಎಂಎಚ್ ಎಂಬ ಹಾರ್ಮೋನ್ ಪರೀಕ್ಷೆ ಮತ್ತು ಒಂದು ಸ್ಕ್ಯಾನ್ ಸಾಕು. ಇದಕ್ಕಿಂತ ಉದ್ದದ ‘ಫರ್ಟಿಲಿಟಿ ಪ್ರೊಫೈಲ್’ ಬರೆದುಕೊಟ್ಟರೆ ಯಾವುದು ಯಾಕೆ ಎಂದು ಕೇಳಿ. ಐವಿಎಫ್ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು ಆಗಸ್ಟ್ 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ ಚಿಕಿತ್ಸೆಯ ಮೇಲೆ ಆ ತೆರಿಗೆ ಕಂಡರೆ ತೆಗೆಸಿ.

ಇನ್ನು ಕಾಗದಪತ್ರ. ಎಲ್ಲಕ್ಕಿಂತ ಮೊದಲು ಆಂಕಾಲಜಿಸ್ಟ್ ಪತ್ರ ಬೇಕು. ಅದರಲ್ಲಿ ಕಾಯಿಲೆಯ ಹೆಸರು ಮತ್ತು ಹಂತ, ಕೊಡಲಿರುವ ಔಷಧಗಳು, ಕಿಮೊ ಶುರುವಾಗುವ ತಾರೀಖು, ಹಾರ್ಮೋನ್ ಇಂಜೆಕ್ಷನ್ ಕೊಡಬಹುದೇ, ಅರಿವಳಿಕೆಗೆ ಅಡ್ಡಿಯಿಲ್ಲವೇ ಎಂಬ ಐದೂ ಇರಬೇಕು. ತಾರೀಖಿಲ್ಲದ ಪತ್ರಕ್ಕೆ ಫರ್ಟಿಲಿಟಿ ಕ್ಲಿನಿಕ್‌ನವರು ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕೊಡುತ್ತಾರೆ, ತಾರೀಖಿದ್ದರೆ ಅದೇ ದಿನ ನೋಡುತ್ತಾರೆ. ರಿಯಾಯಿತಿ ಕೇಳುವುದಕ್ಕೂ ಇದೇ ಆಧಾರ. ಕ್ಯಾನ್ಸರ್ ರೋಗಿಗಳಿಗೆ ದರ ಇಳಿಸುವ ಕ್ಲಿನಿಕ್‌ಗಳಿವೆ, ಆದರೆ ಅದನ್ನು ಬೋರ್ಡ್ ಹಾಕಿ ಹೇಳುವವರು ಕಡಿಮೆ. ರಿಸೆಪ್ಷನ್‌ನಲ್ಲಿ ಕೇಳಿದರೆ ಪ್ಯಾಕೇಜ್ ಹಾಳೆ ಕೈಗಿಡುತ್ತಾರೆ. ಡಾಕ್ಟರ ಎದುರಲ್ಲೇ, ಪತ್ರ ಮುಂದಿಟ್ಟು ಕೇಳಬೇಕು. ಬೆಂಗಳೂರು ದೂರವಾಗುವ ಕರಾವಳಿ, ಮಲೆನಾಡಿನವರಿಗೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಒಂದೇ ಆವರಣದಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಇರುವುದರಿಂದ ಪತ್ರ ಹಿಡಿದು ಅಲೆಯುವುದು ತಪ್ಪುತ್ತದೆ.

ಎಸ್ಟಿಮೇಟ್ ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಲಿ. ‘ಎಗ್ ಫ್ರೀಜಿಂಗ್ 90,000’ ಎಂದಿದ್ದರೆ ಕೆಳಗೆ ಸಣ್ಣಕ್ಷರದಲ್ಲಿ ‘ಔಷಧ ಹೊರತುಪಡಿಸಿ’ ಎಂದಿರುತ್ತದೆ. ಸ್ಕ್ಯಾನ್, ಇಂಜೆಕ್ಷನ್, ಓಟಿ ಮತ್ತು ಅರಿವಳಿಕೆ, ಲ್ಯಾಬ್, ಮೊದಲ ವರ್ಷದ ಸ್ಟೋರೇಜ್, ಎರಡನೇ ವರ್ಷದಿಂದ ವಾರ್ಷಿಕ ಶುಲ್ಕ, ಇಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಸ್ಟೋರೇಜ್ ಒಟ್ಟು ಒಬ್ಬರಿಗೋ ಅಥವಾ ಸ್ಟ್ರಾ (ಅಂಡಾಣು ಇಡುವ ಸಣ್ಣ ಕೊಳವೆ) ಒಂದಕ್ಕೋ? 12 ಅಂಡಾಣು ಆರು ಸ್ಟ್ರಾದಲ್ಲಿದ್ದರೆ ಈ ಒಂದು ಪ್ರಶ್ನೆಯಿಂದ ಲೆಕ್ಕ ಆರುಪಟ್ಟು ಬದಲಾಗುತ್ತದೆ. ನಡುವೆ ಜ್ವರ ಬಂದೋ ಅಂಡಾಣು ಬೆಳೆಯದೆಯೋ ಸೈಕಲ್ ನಿಲ್ಲಿಸಿದರೆ ಎಷ್ಟು ವಾಪಸ್? ಇದೂ ಬರವಣಿಗೆಯಲ್ಲಿರಲಿ. 35ರ ಒಳಗಿನವರಿಗೆ 10ರಿಂದ 15 ಅಂಡಾಣು ಸಿಕ್ಕರೆ ಸಮಾಧಾನಕರ. ಕಡಿಮೆ ಬಂತೆಂದು ಎರಡನೇ ಸೈಕಲ್‌ಗೆ ಒತ್ತಾಯಿಸಿದರೆ ನಿರ್ಧಾರ ಆಂಕಾಲಜಿಸ್ಟರದಾಗಬೇಕು.

ಟ್ರಿಗರ್ ಯಾವುದು ಎಂದು ಕೇಳುವುದಕ್ಕೂ ದುಡ್ಡಿಗೂ ಸಂಬಂಧ ಇದೆ. ಎಚ್‌ಸಿಜಿ ಟ್ರಿಗರ್ ಮೈಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ಅಂಡಾಣು ಹೆಚ್ಚು ಬೆಳೆದಿದ್ದರೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು. ಆಗ ಆಸ್ಪತ್ರೆಗೆ ಸೇರಬೇಕು, ಕಿಮೊ ಮುಂದೆ ಹೋಗುತ್ತದೆ, ‘ಇದು ಐವಿಎಫ್‌ನಿಂದ ಆದದ್ದು’ ಎಂದು ವಿಮೆಯವರು ತಕರಾರು ತೆಗೆಯುತ್ತಾರೆ. ಲ್ಯೂಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್ ಟ್ರಿಗರ್‌ನಲ್ಲಿ ಈ ಅಪಾಯ ಬಹಳ ಕಡಿಮೆ.

ಈಗ ದುಡ್ಡಿನ ಮೂಲಗಳು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಿಲ್ಲದೆ ಮೊದಲು ಅಡ್ಮಿಟ್ ಆಗಿ ಆಮೇಲೆ ಓಡಾಡಿದರೆ ಬಿಲ್ಲು ನಿಮ್ಮದೇ. ಆಸ್ಪತ್ರೆಯ ಕೌಂಟರ್‌ನಲ್ಲಿ ಕೂರುವ ಆರೋಗ್ಯ ಮಿತ್ರರಿಗೆ ಫ್ರೀಜಿಂಗ್‌ಗಾಗಿ ಎರಡು ವಾರ ಬೇಕೆಂದು ಮೊದಲೇ ಹೇಳಿ, ಅನುಮೋದನೆಯ ತಾರೀಖನ್ನು ಅದಕ್ಕೆ ಹೊಂದಿಸಲಿ. ಮುಖ್ಯಮಂತ್ರಿ ಪರಿಹಾರ ನಿಧಿ, ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕ್ಯಾನ್ಸರ್ ಕ್ಯೂರ್ ಫಂಡ್‌ನಂಥವನ್ನೂ ಕ್ಯಾನ್ಸರ್ ಬಿಲ್ಲಿನ ಹೆಸರಿನಲ್ಲೇ ಕೇಳಬೇಕು. ಇವು ಹದಿನೈದು ದಿನದಲ್ಲಿ ಕೈಗೆ ಬರುವ ದುಡ್ಡಲ್ಲ, ಆದರೆ ಮೂರನೆಯ ನಾಲ್ಕನೆಯ ಕಿಮೊ ಹೊತ್ತಿಗೆ ಮನೆಯ ಹೊರೆ ಇಳಿಸುತ್ತವೆ. ಅರ್ಜಿಗಳನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೈಯಿಂದಲೇ ಬರೆಸಿ. ಯಾವ ಟ್ರಸ್ಟ್ ಈ ತಿಂಗಳು ಕೊಡುತ್ತಿದೆ, ಯಾವುದು ಕೈಯೆತ್ತಿದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ವೆಬ್‌ಸೈಟಿಗೂ ಗೊತ್ತಿರುವುದಿಲ್ಲ.

ಕೆಲಸದಲ್ಲಿರುವವರು ಮೂರು ಕಡೆ ನೋಡಬೇಕು. ಒಂದು, ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಅಥವಾ ಜೀವವಿಮೆಗೆ ಅಂಟಿಸಿದ ರೈಡರ್. ಇದು ಬಿಲ್ ನೋಡಿ ಕೊಡುವ ದುಡ್ಡಲ್ಲ, ರೋಗ ಪತ್ತೆಯಾದದ್ದಕ್ಕೆ ಇಡಿಗಂಟಾಗಿ ಕೊಡುತ್ತಾರೆ, ಯಾವುದಕ್ಕೆ ಬೇಕಾದರೂ ಬಳಸಬಹುದು. ಪಾಲಿಸಿ ಮಾಡಿಸಿ 90 ದಿನದೊಳಗೆ ಪತ್ತೆಯಾಗಿದ್ದರೆ ಸಾಮಾನ್ಯವಾಗಿ ಸಿಗದು, ತೀರಾ ಆರಂಭದ ಇನ್-ಸಿಟು ಹಂತಕ್ಕೂ ಸಿಗದು, ಪತ್ತೆಯಾದ ಮೇಲೆ ಇಂತಿಷ್ಟು ದಿನ ಎಂಬ ಕಾಯುವ ಅವಧಿಯೂ ಇರುತ್ತದೆ. ಹಾಗಾಗಿ ಮೊದಲು ಸಾಲ ಮಾಡಿ ಆಮೇಲೆ ಇದರಿಂದ ತೀರಿಸುವ ಲೆಕ್ಕ ಹಾಕಿ. ಎರಡು, ಕಂಪನಿಯ ಗುಂಪು ವಿಮೆ. ಕೆಲವು ಐಟಿ ಕಂಪನಿಗಳ ಪಾಲಿಸಿಯಲ್ಲಿ ಐವಿಎಫ್ ಅಥವಾ ಎಗ್ ಫ್ರೀಜಿಂಗ್ ಸೇರಿಸಿರುತ್ತಾರೆ, ಇಲ್ಲದಿದ್ದರೂ ‘ಕಾರ್ಪೊರೇಟ್ ಬಫರ್’ ಎಂಬ ಮೀಸಲು ಇರುತ್ತದೆ, ಅದನ್ನು ಬಿಡುಗಡೆ ಮಾಡುವುದು ಎಚ್‌ಆರ್ ಕೈಯಲ್ಲಿ. ಮೂರು, ಪಿಎಫ್ ಮುಂಗಡ. ಕಾಯಿಲೆಯ ಕಾರಣಕ್ಕೆ ಫಾರ್ಮ್ 31ರಲ್ಲಿ ಆನ್‌ಲೈನ್‌ನಲ್ಲೇ ಕೇಳಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರೂ ಪಿಎಫ್ ಸಂಖ್ಯೆಯಾದ ಯುಎಎನ್‌ಗೆ ಜೋಡಿಯಾಗಿ ಹೆಸರಿನ ಅಕ್ಷರ ಒಂದೇ ಇದ್ದರೆ ಕೆಲವೇ ದಿನದಲ್ಲಿ ಬರುತ್ತದೆ. ಆಧಾರ್‌ನಲ್ಲಿ ‘ಮಂಜುಳಾ ಎಸ್’, ಪಿಎಫ್‌ನಲ್ಲಿ ‘ಎಸ್ ಮಂಜುಳ’ ಎಂದಿದ್ದರೆ ತಿದ್ದುಪಡಿಗೇ ವಾರಗಳು ಹಿಡಿಯುತ್ತವೆ.

ಅದೇ ವಾರದಲ್ಲಿ ದುಡ್ಡು ಬೇಕೆಂದರೆ ನಮ್ಮ ಕಡೆ ಚಿನ್ನದ ಸಾಲಕ್ಕಿಂತ ನೆಟ್ಟಗಿನ ದಾರಿ ಇಲ್ಲ. ಬ್ಯಾಂಕಿನಲ್ಲಿ ಒಡವೆಯಿಟ್ಟರೆ ಅದೇ ದಿನ ಕೈಗೆ ಬರುತ್ತದೆ. ಕ್ಲಿನಿಕ್‌ನಲ್ಲಿ ತೋರಿಸುವ ‘ಬಡ್ಡಿಯಿಲ್ಲದ ಇಎಂಐ’ ಹಿಂದೆ ಒಂದು ಫೈನಾನ್ಸ್ ಕಂಪನಿಯ ಸಾಲಪತ್ರ, ಪ್ರೊಸೆಸಿಂಗ್ ಶುಲ್ಕ, ಕಂತು ತಪ್ಪಿದರೆ ದಂಡ ಎಲ್ಲ ಇರುತ್ತವೆ. ಆನ್‌ಲೈನ್ ನಿಧಿ ಸಂಗ್ರಹ ಮಾಡುವುದಾದರೆ ಒಟ್ಟು ಎಸ್ಟಿಮೇಟ್‌ನಲ್ಲಿ ಫ್ರೀಜಿಂಗ್‌ನ ಸಾಲನ್ನೂ ಸೇರಿಸಿ, ಮುಚ್ಚಿಡಬೇಡಿ. ದುಡ್ಡು ತೆಗೆಯುವಾಗ ಬಿಲ್ ಕೇಳುತ್ತಾರೆ, ಹೇಳದ ಖರ್ಚಿನ ಬಿಲ್ ಬಂದರೆ ಉಳಿದದ್ದನ್ನೂ ತಡೆಹಿಡಿಯುತ್ತಾರೆ. ಓಡಾಟದ ಖರ್ಚು ಸಣ್ಣದೆನಿಸಿದರೂ ಹತ್ತು ಹನ್ನೆರಡು ದಿನದಲ್ಲಿ ಸೇರಿ ದೊಡ್ಡದಾಗುತ್ತದೆ. ಶಕ್ತಿ ಯೋಜನೆಯ ಉಚಿತ ಬಸ್ಸು ಸ್ಕ್ಯಾನ್‌ಗೆ ಓಡಾಡುವ ಹೆಣ್ಣುಮಕ್ಕಳಿಗೆ ನಿಜಕ್ಕೂ ಆಗಿಬರುತ್ತದೆ. ರೈಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುವ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಅದರ ಫಾರ್ಮನ್ನು ಆಸ್ಪತ್ರೆಯಲ್ಲಿ ತುಂಬಿಸಿ ಸಹಿ ಮಾಡಿಸಬೇಕು.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ‘ಅಂಡಾಶಯದ ಗಡ್ಡೆ ತೆಗೆದದ್ದು ಅಂತ ಬರೆದುಕೊಡ್ತೀವಿ, ವಿಮೆ ಬರುತ್ತೆ’ ಎನ್ನುವವರು ಸಿಗುತ್ತಾರೆ. ಸುಳ್ಳು ಕ್ಲೇಮ್ ಎಂದು ತಿಳಿದರೆ ಪಾಲಿಸಿಯೇ ರದ್ದಾಗುತ್ತದೆ, ಆಗ ಮುಂದಿನ ಕ್ಯಾನ್ಸರ್ ಬಿಲ್ಲೂ ಹೋಯಿತು. ನಿಜವಾಗಿಯೂ ಕ್ಯಾನ್ಸರ್ ಚಿಕಿತ್ಸೆಯ ಭಾಗವಾದದ್ದನ್ನು ಕೇಳಲು ಹಿಂಜರಿಯುವ ಕಾರಣವಿಲ್ಲ. ಹಾರ್ಮೋನ್ ರಿಸೆಪ್ಟರ್ ಇರುವ ಸ್ತನ ಕ್ಯಾನ್ಸರ್‌ನಲ್ಲಿ 28 ದಿನಕ್ಕೊಮ್ಮೆ ಕೊಡುವ 3.6 ಮಿಲಿಗ್ರಾಂ ಗೊಸೆರೆಲಿನ್ ಕ್ಯಾನ್ಸರ್ ಔಷಧವೂ ಹೌದು, ಕಿಮೊ ಹೊತ್ತಿನಲ್ಲಿ ಅಂಡಾಶಯಕ್ಕೆ ಒಂದಿಷ್ಟು ಕಾವಲೂ ಹೌದು. ಕಿಮೊ ಯೋಜನೆಯ ಹಾಳೆಯಲ್ಲೇ ಅದು ಬರೆದಿದ್ದರೆ ಬಿಲ್ಲಿನೊಂದಿಗೆ ಸಾಗುತ್ತದೆ. ಕಿಬ್ಬೊಟ್ಟೆ ರೇಡಿಯೇಷನ್‌ಗೆ ಮೊದಲು ಅಂಡಾಶಯವನ್ನು ಮೇಲಕ್ಕೆ ಸರಿಸಿ ಹೊಲಿಯುವುದನ್ನೂ ಕ್ಯಾನ್ಸರ್ ಸರ್ಜರಿಯೊಂದಿಗೇ ಮಾಡಿಸಬಹುದು. ಫ್ರೀಜಿಂಗ್‌ಗೆ ದುಡ್ಡೂ ಇಲ್ಲ, ದಿನವೂ ಇಲ್ಲ ಎನ್ನುವವರಿಗೆ ಉಳಿಯುವ ದಾರಿ ಇವು. ಆದರೆ ಗೊಸೆರೆಲಿನ್ ಫ್ರೀಜಿಂಗ್‌ಗೆ ಸಮ ಅಲ್ಲ.

ಕಾನೂನಿನ ಎರಡು ಮಾತು. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2021ರ ಪ್ರಕಾರ ನೋಂದಾಯಿತ ಕ್ಲಿನಿಕ್‌ನಲ್ಲೇ ಇದನ್ನು ಮಾಡಿಸಬೇಕು, ನೋಂದಣಿ ಸಂಖ್ಯೆ ಕೇಳಿ. ಮದುವೆಯಾಗದ ಹೆಣ್ಣುಮಕ್ಕಳೂ ಅಂಡಾಣು ಇಡಬಹುದು. ಮದುವೆಯಾದವರಿಗೆ ‘ಭ್ರೂಣ ಮಾಡಿಯೇ ಇಡೋಣ’ ಎಂದು ಅವಸರಿಸುವುದುಂಟು. ಭ್ರೂಣಕ್ಕೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು, ನಾಳೆ ಸಂಬಂಧ ಕೆಟ್ಟರೆ ಅದು ಇಬ್ಬರದೂ ಆಗಿ ಯಾರಿಗೂ ಸಿಗದೆ ಹೋಗಬಹುದು. ಅಂಡಾಣು ಆಕೆಯದೇ. ಸಾಧ್ಯವಿದ್ದರೆ ಕೆಲವನ್ನಾದರೂ ಅಂಡಾಣುವಾಗಿಯೇ ಇಡುವುದು ಜಾಣತನ. ಕಾಯ್ದೆಯಲ್ಲಿ ಸೇವೆಯ ವಯಸ್ಸು 21ರಿಂದ ಶುರುವಾಗುವುದರಿಂದ ಹದಿಹರೆಯದವರ ವಿಷಯದಲ್ಲಿ ಕ್ಲಿನಿಕ್‌ನ ನಿಲುವೇನು ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಶಯದ ತುಣುಕನ್ನೇ ತೆಗೆದಿಡುವ ವಿಧಾನವಿದೆ, ಮಾಡುವ ಕೇಂದ್ರಗಳು ಬೆರಳೆಣಿಕೆಯಷ್ಟು.

ಅಮೆರಿಕದಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಅಲ್ಲಿ 2017ರಲ್ಲಿ ರೋಡ್ ಐಲೆಂಡ್, ಕನೆಕ್ಟಿಕಟ್‌ನಿಂದ ಶುರುವಾಗಿ ಹಲವು ರಾಜ್ಯಗಳು ಕ್ಯಾನ್ಸರ್‌ಗೆ ಮೊದಲಿನ ಫ್ರೀಜಿಂಗ್ ಅನ್ನು ವಿಮೆಯಲ್ಲಿ ಸೇರಿಸಲೇಬೇಕೆಂದು ಕಾನೂನು ಮಾಡಿವೆ, ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿತು. ಸಿಕ್ಕಿಬೀಳುವುದು ಎಲ್ಲಿ ಎಂದರೆ, ದೊಡ್ಡ ಐಟಿ ಕಂಪನಿಗಳ ವಿಮೆ ಬಹುಮಟ್ಟಿಗೆ ‘ಸೆಲ್ಫ್-ಫಂಡೆಡ್’, ಅಂದರೆ ಕ್ಲೇಮ್ ದುಡ್ಡನ್ನು ಕಂಪನಿಯೇ ಕೊಡುತ್ತದೆ, ರಾಜ್ಯದ ಕಾನೂನು ಅದಕ್ಕೆ ತಾಗುವುದಿಲ್ಲ. ಎಚ್‌ಆರ್ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಲಿವ್‌ಸ್ಟ್ರಾಂಗ್ ಫರ್ಟಿಲಿಟಿ ಎಂಬ ನೆರವು ಯೋಜನೆಯ ಮೂಲಕ ಕ್ಲಿನಿಕ್ ದರದಲ್ಲಿ ರಿಯಾಯಿತಿಯೂ ಔಷಧದ ನೆರವೂ ಸಿಗುತ್ತದೆ, ಅರ್ಜಿಯನ್ನು ಇಂಜೆಕ್ಷನ್ ಶುರುವಾಗುವ ಮೊದಲೇ ಹಾಕಬೇಕು. ಜರ್ಮನಿಯಲ್ಲಿ 2021ರಿಂದ ಸಾರ್ವಜನಿಕ ವಿಮೆಯೇ ಖರ್ಚು ಭರಿಸುತ್ತದೆ.

ಕೊನೆಗೆ ಸ್ಟೋರೇಜ್. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅಂಡಾಣುವಾಗಲಿ ವೀರ್ಯವಾಗಲಿ ವರ್ಷಗಳಿಂದ ಹಾಳಾಗುವುದಿಲ್ಲ, ಹಾಳಾಗುವುದು ಶುಲ್ಕ ಬಾಕಿಯಿಂದ. ಚಿಕಿತ್ಸೆ ಎರಡು ವರ್ಷ ಎಳೆದಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ, ನೋಟಿಸ್ ಹಳೆಯ ಬಾಡಿಗೆ ಮನೆಗೆ ಹೋಗಿರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ತವರಿನವರದೋ ಅಣ್ಣತಮ್ಮಂದಿರದೋ ಎರಡನೇ ನಂಬರ್ ಕೊಡಿ. ಬಾಕಿಯಾದರೆ ಎಷ್ಟು ತಿಂಗಳು ಕಾಯುತ್ತಾರೆ, ವಾರ್ಷಿಕ ಶುಲ್ಕ ಏರಿಸಿದರೆ ಎಷ್ಟರವರೆಗೆ, ಕ್ಲಿನಿಕ್ ಮುಚ್ಚಿದರೆ ಯಾವ ಬ್ಯಾಂಕಿಗೆ ಕಳಿಸುತ್ತಾರೆ ಎನ್ನುವುದನ್ನು ಆಗಲೇ ಬರೆಸಿಕೊಳ್ಳಿ. ಭ್ರೂಣಕ್ಕೆ ಕಾಯ್ದೆಯ ಮಿತಿ 10 ವರ್ಷ. ಐದು ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡುತ್ತೇವೆಂದರೆ, ಕ್ಯಾನ್ಸರ್ ಬಿಲ್ ಯೋಜನೆಯಲ್ಲಿ ಹೋಗುತ್ತಿದ್ದವರು ಒಪ್ಪಬಹುದು. ಕೈ ಬಿಗಿ ಇದ್ದವರು ಒಂದು ವರ್ಷದ್ದು ಕಟ್ಟಿ, ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರದಂತೆ ಒಂದು ವರ್ಷದ ಆರ್‌ಡಿ ತೆರೆದರೆ ಮುಂದಿನ ವರ್ಷದ ಶುಲ್ಕದ ಬಹುಪಾಲು ಅದರಲ್ಲೇ ಆಗುತ್ತದೆ.